ಹಳೆಯ ವಿಮಾನದ ಹಲ್ಲು ನೋಡುವ ಬಗೆ

ಮುಳಬಾಗಿಲು, ಶ್ರೀನಿವಾಸಪುರ ಕಡೆಯ ರೈತರು ದನಗಳ ಸಂತೆಗೆ ಹೋದರೆ ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾರೆ. ಆಮೇಲೆ ನಾಲ್ಕು ಹೆಜ್ಜೆ ನಡೆಸುತ್ತಾರೆ. ಗೊರಸು, ಹೆಗಲು ತಡವುತ್ತಾರೆ. ಸುಳಿ ನೋಡುವವರೂ ಉಂಟು. ಸುಳಿಗೂ ಎತ್ತಿನ ದುಡಿಮೆಗೂ ಸಂಬಂಧವಿಲ್ಲ, ಅದು ಬೇರೆ ಮಾತು. ಆದರೆ ಮಾರುವವನು ಏನೇ ಹೇಳಲಿ, ಎತ್ತಿನ ವಯಸ್ಸನ್ನು ಹಲ್ಲು ಹೇಳಿಬಿಡುತ್ತದೆ.

ಹಳೆಯ ವಿಮಾನ ಕೊಳ್ಳುವವರಿಗೂ ಇದೇ ಬುದ್ಧಿ ಬೇಕು. ವಿಮಾನವನ್ನು ಕೊಳ್ಳುವುದೇ ಎಂದು ಮಕ್ಕಳು ನಗಬಹುದು. ಅಮೆರಿಕದಲ್ಲಿ ನಕ್ಷೆ ತರಿಸಿಕೊಂಡು ಮನೆಯ ಗ್ಯಾರೇಜಿನಲ್ಲೇ ಒಬ್ಬಿಬ್ಬರು ಕೂರುವ ವಿಮಾನ ಕಟ್ಟಿ ಹಾರಿಸಿದವರು ಸಾವಿರಾರು ಮಂದಿ ಇದ್ದಾರೆ. ಹೀಗೆ ಕಟ್ಟಿದ ವಿಮಾನಗಳಲ್ಲಿ ಹೆಸರಾದದ್ದು ಬರ್ಟ್ ರುಟಾನ್ ರೂಪಿಸಿದ 'ಲಾಂಗ್ ಈಜಿ'. ಇದರ ಪುಟ್ಟ ರೆಕ್ಕೆ ಮೂತಿಯ ಬಳಿ, ಎಂಜಿನ್ ಬೆನ್ನ ಹಿಂದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್.ಎ.ಎಲ್.) ಇದೇ ವಿನ್ಯಾಸವನ್ನು ಆಧರಿಸಿ ಕಟ್ಟಿದ ಸಂಶೋಧನಾ ವಿಮಾನ 1987ರಲ್ಲಿ ಹಾರಿತು.

ಕಾರ್ಖಾನೆಯಿಂದ ಬಂದ ಒಂದು ಮಾದರಿಯ ವಿಮಾನಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. ಮನೆಯಲ್ಲಿ ಕಟ್ಟಿದ್ದು ಹಾಗಲ್ಲ. ಕಟ್ಟಿದವನ ಕೈಗುಣ, ಸೋಮಾರಿತನ, ಸ್ವಂತ ಐಡಿಯಾ ಎಲ್ಲವೂ ಅದರೊಳಗೆ ಸೇರಿಕೊಂಡಿರುತ್ತವೆ. ಬಣ್ಣ ಬಳಿದ ಮೇಲೆ ಒಳಗಿನದು ಕಾಣುವುದಿಲ್ಲ. ಆದ್ದರಿಂದ ಕಟ್ಟುವಾಗ ತೆಗೆದ ಫೋಟೋಗಳನ್ನೂ ಹಾರಾಟದ ಗಂಟೆಗಳು, ರಿಪೇರಿಗಳ ಲೆಕ್ಕವಿರುವ ಲಾಗ್ ಪುಸ್ತಕವನ್ನೂ ಮೊದಲು ಕೇಳಬೇಕು.

ಲಾಂಗ್ ಈಜಿಯ ರೆಕ್ಕೆ ಫೋಮಿನದು. ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಎಪಾಕ್ಸಿ ಅಂಟಿನಿಂದ ಹೊದಿಸಿರುತ್ತಾರೆ. ಈ ಹೊದಿಕೆ ಒಳಗೊಳಗೇ ಬಿಟ್ಟುಕೊಂಡಿದ್ದರೆ ಪತ್ತೆ ಮಾಡುವುದು ಹೇಗೆ? ಮಾಲೂರಿನಲ್ಲಿ ಹೆಂಚು ಕೊಳ್ಳುವವರು ಮಾಡುವಂತೆಯೇ! ಬೆರಳಿನಿಂದ ತಟ್ಟಿದರೆ ಗಟ್ಟಿ ಹೆಂಚು 'ಟಣ್' ಎನ್ನುತ್ತದೆ, ಬಿರುಕು ಬಿಟ್ಟದ್ದು 'ಡಬ್' ಎನ್ನುತ್ತದೆ. ರೆಕ್ಕೆಯ ಮೇಲೂ ನಾಣ್ಯದಿಂದ ಅಂಗುಲ ಅಂಗುಲಕ್ಕೆ ತಟ್ಟುತ್ತ ಹೋಗುತ್ತಾರೆ. ಅಂಟು ಬಿಟ್ಟ ಜಾಗದಲ್ಲಿ ದನಿ ಮಂಕಾಗುತ್ತದೆ. ಬೆಂಗಳೂರಿನಲ್ಲಿ ತಯಾರಾದ 'ಎಕ್ಸ್-ಏರ್' ಎಂಬ ಹಗುರ ವಿಮಾನದ ರೆಕ್ಕೆಗೆ ಬಟ್ಟೆಯ ಹೊದಿಕೆ. ಅದನ್ನು ಬಿಸಿಲಿನ ಅತಿನೇರಳೆ ಕಿರಣಗಳು ಜೀರ್ಣ ಮಾಡುತ್ತವೆ. ಅಲ್ಲಿ ಸ್ಪ್ರಿಂಗ್ ತಕ್ಕಡಿಯಂಥ ಸಾಧನದಿಂದ ಬಟ್ಟೆಯ ಬಲ ಅಳೆಯಬೇಕು.

ಇನ್ನು ಗುರುತ್ವ ಕೇಂದ್ರ. ಇದು ಹೈಸ್ಕೂಲಿನ ಸನ್ನೆಕೋಲಿನ ಲೆಕ್ಕವೇ. ವಿಮಾನದ ಮೂರೂ ಚಕ್ರಗಳ ಕೆಳಗೆ ತೂಕದ ಯಂತ್ರ ಇಡಿ. ಒಂದು ಉದಾಹರಣೆ: ಮೂತಿಯಿಂದ 1 ಮೀಟರ್ ದೂರದ ಮುಂಚಕ್ರದ ಮೇಲೆ 100 ಕಿಲೋ, 3 ಮೀಟರ್ ದೂರದ ಹಿಂದಿನ ಎರಡೂ ಚಕ್ರಗಳ ಮೇಲೆ ಒಟ್ಟು 300 ಕಿಲೋ. 100×1 ಕೂಡಿಸು 300×3, ಅಂದರೆ 1000. ಒಟ್ಟು ತೂಕ 400ರಿಂದ ಭಾಗಿಸಿದರೆ 2.5. ಮೂತಿಯಿಂದ ಎರಡೂವರೆ ಮೀಟರಿಗೆ ಗುರುತ್ವ ಕೇಂದ್ರ. ಇದು ನಕ್ಷೆ ಹೇಳಿದ ಮಿತಿಗಿಂತ ಹಿಂದೆ ಸರಿದಿದ್ದರೆ ವಿಮಾನ ಹತೋಟಿ ತಪ್ಪೀತು. ಚಾಲಕ ಕುಳಿತಾಗ, ಪೆಟ್ರೋಲು ತುಂಬಿದಾಗ, ಖಾಲಿಯಾದಾಗ ಮತ್ತೆ ಲೆಕ್ಕ ಹಾಕಬೇಕು.

ಇಷ್ಟೆಲ್ಲ ಸರಿಯಿದ್ದೂ ಒಂದು ಹಿಡಿ ಪ್ರಾಣ ತೆಗೆಯಬಹುದು. ಅಮೆರಿಕದ ಪ್ರಸಿದ್ಧ ಗಾಯಕ ಜಾನ್ ಡೆನ್ವರ್ ಅನುಭವಿ ವೈಮಾನಿಕ. ಬೇರೊಬ್ಬರು ಕಟ್ಟಿದ ಲಾಂಗ್ ಈಜಿಯೊಂದನ್ನು ಆತ ಆಗಷ್ಟೇ ಕೊಂಡಿದ್ದ. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದು ಸತ್ತ. ಆಗ ಅವನಿಗೆ 53 ವರ್ಷ.

ಬೈಕು ಓಡಿಸುತ್ತ ಪೆಟ್ರೋಲು ಮುಗಿದರೆ ಸವಾರ ಏನು ಮಾಡುತ್ತಾನೆ? ರಸ್ತೆ ನೋಡುತ್ತಲೇ ಕೈ ಕೆಳಗೆ ಬಿಟ್ಟು ಕಾಕನ್ನು ರಿಸರ್ವಿಗೆ ತಿರುಗಿಸುತ್ತಾನೆ. ಈ ವಿಮಾನಕ್ಕೂ ಎಡ, ಬಲ ಎರಡು ಟ್ಯಾಂಕು. ಬದಲಿಸಲು ಒಂದು ಹಿಡಿ. ನಕ್ಷೆಯ ಪ್ರಕಾರ ಅದು ಚಾಲಕನ ಕಾಲುಗಳ ನಡುವೆ ಇರಬೇಕಿತ್ತು. ಕಟ್ಟಿದಾತ ಅದನ್ನು ಎಡ ಭುಜದ ಹಿಂದಕ್ಕೆ ಸಾಗಿಸಿದ್ದ. ಯಾವ ಕಡೆ ತಿರುಗಿಸಿದರೆ ಯಾವ ಟ್ಯಾಂಕು ಎಂಬ ಗುರುತೂ ಇರಲಿಲ್ಲ. ಪೆಟ್ರೋಲಿನ ಮಟ್ಟ ತೋರಿಸುವ ಗಾಜು ಸಹ ಬೆನ್ನ ಹಿಂದೆಯೇ! ಹಿಡಿ ಸುಲಭವಾಗಿ ಎಟಕುವುದಿಲ್ಲವೆಂಬುದು ಡೆನ್ವರನಿಗೆ ಹಾರುವ ಮುನ್ನವೇ ತಿಳಿದಿತ್ತು. ಇಕ್ಕಳ ಸಿಕ್ಕಿಸಿ ಉದ್ದ ಮಾಡಲು ನೋಡಿದರು, ಆಗಲಿಲ್ಲ. ಪೆಟ್ರೋಲು ತುಂಬಿಸುವುದೂ ಬೇಡ, ಸ್ವಲ್ಪ ಹೊತ್ತಷ್ಟೇ ಹಾರುತ್ತೇನೆ ಎಂದ.

ಹಿಡಿ ತಿರುಗಿಸಲು ಚಾಲಕ ಕೋಲು ಬಿಟ್ಟು, ಎಡಕ್ಕೆ ಪೂರ್ತಿ ಹೊರಳಿ, ಬಲಗೈ ಚಾಚಬೇಕಿತ್ತು. ಹಾಗೆ ಹೊರಳುವಾಗ ಆಸರೆಗೆ ಬಲಗಾಲು ತಾನಾಗಿಯೇ ಒತ್ತುತ್ತದೆ. ಆ ಕಾಲ ಕೆಳಗೆ ಇರುವುದು ಬಲ ರಡ್ಡರಿನ ಪೆಡಲ್. ಅಪಘಾತಕ್ಕೆ ತನಿಖಾ ಮಂಡಳಿ ಕೊಟ್ಟ ಕಾರಣ ಇದೇ. ಜೊತೆಗೆ ಹಿಡಿಯ ಜಾಗ, ಗುರುತಿಲ್ಲದ ಮಾಪಕ, ಹೊಸ ವಿಮಾನದ ಮೇಲೆ ಸಾಲದ ತರಬೇತಿ ಇವನ್ನೂ ವರದಿ ಎತ್ತಿ ತೋರಿಸಿತು.

ಕೊಳ್ಳುವ ಮುನ್ನ ನೆಲದ ಮೇಲೇ ವಿಮಾನದಲ್ಲಿ ಕುಳಿತು, ಬೆಲ್ಟು ಬಿಗಿದು, ಕಣ್ಣು ಮುಚ್ಚಿ ಪ್ರತಿಯೊಂದು ಹಿಡಿಯನ್ನೂ ಮುಟ್ಟಿ ತಿರುಗಿಸಿ ನೋಡಬೇಕು. ಇನ್ನೊಂದು ಕೈ ಕೋಲಿನ ಮೇಲೇ ಇರಬೇಕು. ಆಮೇಲೆ ಮೂಲ ನಕ್ಷೆಯನ್ನು ಮಡಿಲಲ್ಲಿ ಹರಡಿಕೊಂಡು, ಕಟ್ಟಿದಾತ ಎಲ್ಲೆಲ್ಲಿ ಅದನ್ನು ಮೀರಿದ್ದಾನೆಂದು ಹಾಳೆ ಹಾಳೆಯಾಗಿ ಹೋಲಿಸಬೇಕು. ಅದಕ್ಕೆ ಪೂರಾ ಒಂದು ದಿನ ಹಿಡಿದೀತು.