ಕಾರಿಗೆ ಬೆಳಕು, ಎದುರಿನವಗೆ ಕತ್ತಲು!

ಹೊತ್ತು ಮುಳುಗಿದ ಮ್ಯಾಲೆ ಮಸಗುಪ್ಪಿಯಿಂದ ಬೈಕ್ ಹತ್ತಿ ಹೊಂಟವರನ್ನು ಕೇಳಿರಿ. ಎದುರಿಗೆ ಝೆನಾನ್ ಹಾಕಿಸಿದ ಕಾರೊಂದು ಬಂದರ ಸಾಕು, ರಸ್ತೆಯೂ ಕಾಣದು, ಅಂಚೂ ಕಾಣದು. ಕಬ್ಬಿನ ಹಂಗಾಮಿನಲ್ಲಂತೂ ಆ ಬೆಳಕಿನ ಆಚೆ ಹಿಂದೀಪವಿಲ್ಲದ ಟ್ರೇಲರ್ ನಿಂತಿದ್ದರೆ ದೇವರೇ ಗತಿ!

ಝೆನಾನ್ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. 55 ವ್ಯಾಟಿನ ಹ್ಯಾಲೊಜನ್‌ಗಿಂತ 35 ವ್ಯಾಟಿನ ಝೆನಾನ್ ಸುಮಾರು ಇಮ್ಮಡಿ ಬೆಳಕು ಕೊಡುತ್ತದೆ, ಖರೆ. ಆದರೆ ಹಳೆಯ ಹೆಡ್‌ಲೈಟಿನ ಬಟ್ಟಲು ಹ್ಯಾಲೊಜನ್ ತಂತಿಗೆಂದೇ ಅಳತೆ ಮಾಡಿದ್ದು. ಅದರೊಳಗೆ ಝೆನಾನ್ ಬಲ್ಬು ತುರುಕಿದರೆ ಬೆಳಕು ಹಾದಿ ಬಿಟ್ಟು ಎದುರಿನವನ ಕಣ್ಣಿಗೆ ಹಾರುತ್ತದೆ. ಪ್ರೊಜೆಕ್ಟರಿನಲ್ಲಿ ಮೇಲಿನ ಬೆಳಕು ತಡೆಯುವ ತಗಡು ಇರುತ್ತದೆ. ಅದನ್ನೂ ಸೊಟ್ಟ ಕೂಡಿಸಿದರೆ ಅದೇ ಹಾಡು.

ಕಾಯ್ದೆ ಇಲ್ಲವೇ? ಉಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮ 106ರಂತೆ 8 ಮೀಟರ್ ದೂರದಲ್ಲಿ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ದೀಪ ಕುಕ್ಕಬಾರದು. 2024ರ ಜುಲೈಯಲ್ಲಿ ರಾಜ್ಯದ ಪೊಲೀಸರು ಇಂಥ ವಾಹನಗಳ ಮೇಲೆ ಕೇಸು ಜಡಿದರು. ಆದರೆ ದಂಡ ಕಟ್ಟಿದವ ಮುಂದಿನ ತಿರುವಿನಲ್ಲಿ ಅದೇ ದೀಪ ಹಚ್ಚಿದರೆ ಏನು ಬಂತು? ಬಲ್ಬು ಅಲ್ಲೇ ಬಿಚ್ಚಿಸಬೇಕು. ಆರ್.ಟಿ.ಓ. ಸಾಹೇಬರು ಒಂದು ಸಂಜೆ ಜೀಪು ಬಿಟ್ಟು ಬೈಕಿನ ಮ್ಯಾಲೆ ಈ ಕಡೆ ಬಂದು ಹೋಗಲಿ. ಅದೂ ಕಬ್ಬಿನ ಹಂಗಾಮು ಸುರುವಾಗೋ ಮೊದಲೇ.