ಸಮಾಜ ಓದಲಿಕ್ಕೆ ವಿದೇಶಕ್ಕೆ ಯಾಕೆ ಅಂತ ಕೇಳಿದವನು ನಾನೇ

ಎರಡು ವರ್ಷದ ಹಿಂದಿನ ಮಾತು. ಇಶಾ ನಮಾಝ್ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ನಮ್ಮ ಮೊಹಲ್ಲಾದ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು. ಇಪ್ಪತ್ತು ವರ್ಷ ಗಲ್ಫ್‌ನಲ್ಲಿ ದುಡಿದು ಊರಿಗೆ ಬಂದವರು. ಅವರ ಮಗಳು ನನ್ನ ಹತ್ತಿರ ಮದ್ರಸದಲ್ಲಿ ಏಳನೇ ತರಗತಿವರೆಗೆ ಓದಿದವಳು, ಪಬ್ಲಿಕ್ ಪರೀಕ್ಷೆಯಲ್ಲಿ ಒಳ್ಳೆಯ ಮಾರ್ಕ್ ತೆಗೆದವಳು. ಆಗಷ್ಟೇ ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದಳು.

"ಉಸ್ತಾದರೇ, ಇವಳಿಗೆ ಇನ್ನೂ ಓದಬೇಕಂತೆ. ವಿದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕ್ತಾಳಂತೆ. ಡಾಕ್ಟರ್ ಅಲ್ಲ, ಎಂಜಿನಿಯರ್ ಅಲ್ಲ, ಸಮಾಜಶಾಸ್ತ್ರ. ನೀವು ಎಂತ ಹೇಳ್ತೀರಿ?"

ನಾನು ಯೋಚನೆಯನ್ನೇ ಮಾಡಲಿಲ್ಲ. "ಸಮಾಜ ಓದಲಿಕ್ಕೆ ವಿದೇಶಕ್ಕೆ ಯಾಕೆ ಕಾಕ? ಸಮಾಜ ಇಲ್ಲೇ ಉಂಟಲ್ಲ" ಅಂದೆ. ಪಕ್ಕದಲ್ಲಿದ್ದವರು ನಕ್ಕರು, ಅವರೂ ನಕ್ಕರು. ಅರ್ಜಿ ಹಾಕುವ ಕೊನೆಯ ದಿನ ಅದೇ ವಾರ ಇತ್ತು ಅಂತ ನನಗೆ ಗೊತ್ತಾದದ್ದು ಮತ್ತೆ. ಉಸ್ತಾದರ ಮಾತಿಗೆ ನಮ್ಮ ಮನೆಗಳಲ್ಲಿ ಒಂದು ತೂಕ ಉಂಟು. ಅವಳ ಅರ್ಜಿ ಹೋಗಲಿಲ್ಲ.

ಆ ಮಾತನ್ನು ವಾಪಸ್ ತೆಗೆದುಕೊಳ್ಳಲಿಕ್ಕೆ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಆ ಹುಡುಗಿ ಸಿಟ್ಟು ಮಾಡಿಕೊಳ್ಳಲಿಲ್ಲ. ಹತ್ತಿರದ ಒಂದು ಶಾಲೆಯಲ್ಲಿ ಪಾಠ ಮಾಡಲು ಸೇರಿದಳು. ರಜೆಯ ದಿನ ಒಂದು ನೋಟ್ ಪುಸ್ತಕ ಹಿಡಿದುಕೊಂಡು ಮನೆಮನೆಗೆ ಹೋಗಲು ಶುರು ಮಾಡಿದಳು. ನಮ್ಮ ಮನೆಗೂ ಬಂದಳು. ನನ್ನ ಉಮ್ಮನ ಹತ್ತಿರ ಒಂದು ಗಂಟೆ ಕೂತು ಬೀಡಿಯ ಬಗ್ಗೆ ಕೇಳಿದಳು. ಎಷ್ಟನೇ ವಯಸ್ಸಿಗೆ ಬೀಡಿ ಕಟ್ಟಲು ಕಲಿತದ್ದು? ವಾರದ ಮಜೂರಿ ಯಾರ ಕೈಗೆ ಹೋಗುತ್ತಿತ್ತು? ಬೀಡಿ ಕೆಲಸ ನಿಂತ ಮೇಲೆ ಮನೆಯಲ್ಲಿ ನಿಮ್ಮ ಮಾತಿಗೆ ಬೆಲೆ ಹೆಚ್ಚಾಯಿತಾ, ಕಡಿಮೆಯಾಯಿತಾ?

ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಬ್ರಾಂಚಿನಿಂದ ಬರುವಾಗ ಕೈಯಲ್ಲಿ ನನ್ನದೇ ಹಣ ಇರ್ತಿತ್ತು ಮೋಳೆ. ಯಾವ ಮೀನು ತರಬೇಕು ಅಂತ ನಾನೇ ಹೇಳ್ತಿದ್ದೆ. ಈಗ ಕೇಳಬೇಕು."

ಕೇಳಬೇಕಾದದ್ದು ಯಾರ ಹತ್ತಿರ? ನನ್ನ ಹತ್ತಿರವೇ. ನನ್ನ ಪಿಯುಸಿ ಫೀಸು ಕಟ್ಟಿದ್ದು ಆ ಬೀಡಿಯ ಹಣದಲ್ಲಿ. ಆದರೂ ಮಗನಾದ ನನಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಸಮಾಜ ಇಲ್ಲೇ ಉಂಟು ಅಂದೆನಲ್ಲ, ಅದು ನನ್ನ ಅಡುಗೆಮನೆಯಲ್ಲೇ ಇತ್ತು. ನೋಡುವ ಕಣ್ಣು ನನಗೆ ಇರಲಿಲ್ಲ, ಅವಳಿಗೆ ಇತ್ತು. ಆ ಕಣ್ಣು ಓದಿನಿಂದ ಬಂದದ್ದು.

ನಿಜ ಹೇಳಬೇಕೆಂದರೆ ನಮ್ಮಂಥ ಉಸ್ತಾದರಿಗೆ ಇದು ಪರಕೀಯ ವಿದ್ಯೆ ಅನ್ನಿಸಲೇಬಾರದಿತ್ತು. 1332ರಲ್ಲಿ ಟ್ಯೂನಿಸ್‌ನಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ ಕೊನೆಗಾಲದಲ್ಲಿ ಕೈರೋದಲ್ಲಿ ಮಾಲಿಕೀ ಖಾಝಿಯಾಗಿದ್ದವರು. 1377ರಲ್ಲಿ ಬರೆದ 'ಮುಖದ್ದಿಮ'ದಲ್ಲಿ ಅವರು ರಾಜರ ಹೆಸರು, ಯುದ್ಧದ ತಾರೀಕುಗಳಿಗೇ ನಿಲ್ಲಲಿಲ್ಲ. ಒಂದು ಗುಂಪು ಯಾಕೆ ಒಗ್ಗಟ್ಟಾಗುತ್ತದೆ, ಆ ಒಗ್ಗಟ್ಟು ಸುಖ ಹೆಚ್ಚಾದಾಗ ಯಾಕೆ ಸಡಿಲವಾಗುತ್ತದೆ ಅಂತ ಕೇಳಿದರು. ಆ ಒಗ್ಗಟ್ಟಿಗೆ ಅವರು ಬಳಸಿದ ಪದ 'ಅಸಬಿಯ್ಯ'. ಯುರೋಪಿನಲ್ಲಿ ಆಗಸ್ಟ್ ಕಾಂಟ್ 'ಸೋಷಿಯಾಲಜಿ' ಅನ್ನುವ ಹೆಸರನ್ನು ಬಳಕೆಗೆ ತಂದದ್ದು 19ನೇ ಶತಮಾನದಲ್ಲಿ. ಇಬ್ನ್ ಖಲ್ದೂನ್ ಕೂಡ ಹುಟ್ಟಿದ ಊರಲ್ಲೇ ಕೂತು ಇದನ್ನೆಲ್ಲ ಕಂಡವರಲ್ಲ. ಟ್ಯೂನಿಸ್, ಫೆಝ್, ಗ್ರನಾಡ, ಕೈರೋ ಅಂತ ತಿರುಗಿದವರು. ನಾಲ್ಕು ಊರು ನೋಡಿದವನಿಗೆ ತನ್ನ ಊರು ಬೇರೆಯೇ ಥರ ಕಾಣುತ್ತದೆ.

ನಮ್ಮ ದೇಶದವರ ಉದಾಹರಣೆ ಬೇಕಾದರೆ ಅಂಬೇಡ್ಕರ್ ಇದ್ದಾರೆ. 1913ರಲ್ಲಿ ಬರೋಡ ಮಹಾರಾಜರ ಸ್ಕಾಲರ್‌ಶಿಪ್ ಪಡೆದು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅರ್ಥಶಾಸ್ತ್ರದ ಜೊತೆಗೆ ಸಮಾಜಶಾಸ್ತ್ರ, ಮಾನವಶಾಸ್ತ್ರದ ಪಾಠಗಳನ್ನೂ ಕೇಳಿದರು. 1916ರಲ್ಲಿ ಅಲ್ಲಿನ ಒಂದು ಸೆಮಿನಾರಿನಲ್ಲಿ ಭಾರತದ ಜಾತಿಯ ಬಗ್ಗೆ ಪ್ರಬಂಧ ಓದಿದರು. ಜಾತಿಯ ನೋವು ಅವರಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಆ ನೋವು ಹೇಗೆ ಕೆಲಸ ಮಾಡುತ್ತದೆ ಅಂತ ಲೋಕಕ್ಕೆ ಆಧಾರ ಇಟ್ಟು ಹೇಳುವ ಸಾಮರ್ಥ್ಯ ಬಂದದ್ದು ಓದಿನಿಂದ.

ಇನ್ನೊಬ್ಬರು ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್. ನಮ್ಮ ಪಕ್ಕದ ಕೊಡಗಿನ ಜನರ ಬಗ್ಗೆ ಬರೆದು ಆಕ್ಸ್‌ಫರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. 1948ರಲ್ಲಿ ಮೈಸೂರು ಹತ್ತಿರದ ಒಂದು ಹಳ್ಳಿಗೆ ಹೋಗಿ ಅಲ್ಲೇ ಉಳಿದು ಜನಜೀವನ ನೋಡಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು, 1976ರಲ್ಲಿ ಅದು ಹೊರಬಂತು.

ಇದೇ ಶ್ರೀನಿವಾಸರ ಒಂದು ಮಾತು ನಮಗೆ ಚೆನ್ನಾಗಿ ಗೊತ್ತು. ಪ್ರತಿ ಚುನಾವಣೆಯಲ್ಲಿ ನಮ್ಮನ್ನು ಕರೆಯುವ 'ವೋಟ್ ಬ್ಯಾಂಕ್' ಅನ್ನುವ ಪದ. ಅದನ್ನು 1955ರ ತನ್ನ ಲೇಖನದಲ್ಲಿ ಬಳಕೆಗೆ ತಂದವರು ಅವರೇ. ಅವರು ಹೇಳಿದ್ದು ಊರಿನ ಪ್ರಬಲನೊಬ್ಬ ತನ್ನ ಆಶ್ರಯದಲ್ಲಿರುವವರ ಓಟುಗಳನ್ನು ಕೈಯಲ್ಲಿಟ್ಟುಕೊಳ್ಳುವ ಬಗ್ಗೆ. ಆ ಪದ ತಿರುಗಿ ತಿರುಗಿ ಒಂದು ಸಮುದಾಯದ ಮೇಲಿನ ಬೈಗುಳ ಆಯಿತು. ನಾವು ಸಿಟ್ಟು ಮಾಡುತ್ತೇವೆ. ಆದರೆ "ಅದರ ಅರ್ಥ ಹಾಗಲ್ಲ, ಹೀಗೆ" ಅಂತ ಆಧಾರ ಸಮೇತ ಹೇಳುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?

ಅಮೆರಿಕದ ಕಪ್ಪು ಜನರಲ್ಲಿ ಅಂಥ ಒಬ್ಬರು ಹುಟ್ಟಿಕೊಂಡರು, ಡು ಬೊಯ್ಸ್. 1892ರಿಂದ 1894ರವರೆಗೆ ಜರ್ಮನಿಯ ಬರ್ಲಿನ್‌ನಲ್ಲಿ ಓದಿದರು. ವಾಪಸ್ ಬಂದು ಫಿಲಡೆಲ್ಫಿಯಾ ನಗರದ ಒಂದು ವಾರ್ಡಿನಲ್ಲಿ ತನ್ನ ಜನರ ಮನೆಮನೆಗೆ ಹೋಗಿ ಲೆಕ್ಕ ತೆಗೆದರು. "ಆ ಜನರೇ ಹಾಗೆ" ಅಂತ ಊರೆಲ್ಲ ಹೇಳುತ್ತಿದ್ದ ಕಾಲ ಅದು. ಬಡತನ, ಅಪರಾಧದ ಹಿಂದೆ ಕೆಲಸ ಕೊಡದಿರುವುದು, ಭೇದಭಾವ, ಗುಲಾಮಗಿರಿಯ ಇತಿಹಾಸ ಉಂಟು ಅಂತ 1899ರಲ್ಲಿ ಪುಸ್ತಕ ಬರೆದು ತೋರಿಸಿದರು.

ನಾನು ಹೇಳಲು ಹೊರಟದ್ದು ಇಷ್ಟೇ. ನಮ್ಮ ಬಗ್ಗೆ ಬೇರೆಯವರು ಬಹಳ ಮಾತಾಡಿದ್ದಾರೆ. ನಮ್ಮ ಭಾಷೆಗೆ ಅಕಾಡೆಮಿ ಬಂದದ್ದೇ 2007ರಲ್ಲಿ. ಗಲ್ಫ್‌ಗೆ ಹೋದ ಗಂಡಸರಿಲ್ಲದೆ ನಡೆದ ಮನೆಗಳು, ಬೀಡಿ ಕಟ್ಟಿದ ಉಮ್ಮಂದಿರು, ಮೀನಿನ ವ್ಯಾಪಾರ, ವರದಕ್ಷಿಣೆ, ಡ್ರಗ್ಸ್‌ಗೆ ಬೀಳುತ್ತಿರುವ ಹುಡುಗರು, ಇವನ್ನೆಲ್ಲ ಪ್ರೀತಿಯಿಂದಲೂ ಮುಲಾಜಿಲ್ಲದೆಯೂ ಅಭ್ಯಾಸ ಮಾಡುವವರು ನಮ್ಮ ಮನೆಯಿಂದಲೇ ಬರಬೇಕು. ಕೊಣಾಜೆಯಲ್ಲಿ, ನಮ್ಮ ಮಂಗಳೂರು ವಿಶ್ವವಿದ್ಯಾನಿಲಯದಲ್ಲೇ ಸಮಾಜಶಾಸ್ತ್ರ ವಿಭಾಗ ಉಂಟು. ಎಂ.ಎ. ಅಲ್ಲೇ ಮಾಡಲಿ, ತಪ್ಪೇನಿಲ್ಲ. ಆದರೆ ಮಗುವಿಗೆ ಸಾಮರ್ಥ್ಯ ಇದ್ದು ಮುಂದೆ ಹೋಗುತ್ತೇನೆ ಅಂದರೆ ನಮ್ಮ ಅಜ್ಞಾನ ಅಡ್ಡ ಬರಬಾರದು.

ಈಗ ಹೆತ್ತವರ ಪ್ರಶ್ನೆಗಳಿಗೆ ಬರುತ್ತೇನೆ.

ಮೊದಲನೆಯದು ಹಣ. ಬ್ರಿಟನ್‌ನಲ್ಲಿ ಮಾಸ್ಟರ್ಸ್ ಒಂದೇ ವರ್ಷ. ಆದರೆ ದೊಡ್ಡ ಯೂನಿವರ್ಸಿಟಿಗಳಲ್ಲಿ ನಮ್ಮ ಮಕ್ಕಳಿಗೆ ಫೀಸೇ 20 ಲಕ್ಷ ರೂಪಾಯಿ ದಾಟುತ್ತದೆ, ಊಟ ವಸತಿ ಬೇರೆ. ಕೈಯಿಂದ ಹಾಕಿ ಹೋಗುವುದು ನಮ್ಮಲ್ಲಿ ಹೆಚ್ಚಿನವರಿಗೆ ಆಗುವ ಕೆಲಸ ಅಲ್ಲ. ಅಲ್ಲಿನ ಸರಕಾರದ ಚೀವ್ನಿಂಗ್ ಸ್ಕಾಲರ್‌ಶಿಪ್ ಸಿಕ್ಕಿದರೆ ಫೀಸು, ಖರ್ಚು ಎಲ್ಲ ಅವರದ್ದೇ. ಅದಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದಿ ಬಂದ ಮೇಲೆ ಎರಡು ವರ್ಷ ಊರಲ್ಲಿ ಇರಬೇಕು. ಕಾಮನ್‌ವೆಲ್ತ್ ಸ್ಕಾಲರ್‌ಶಿಪ್ ಕೂಡ ಉಂಟು. ಯುರೋಪಿನ ಎರಾಸ್ಮಸ್ ಮುಂಡಸ್ ಯೋಜನೆಯಲ್ಲಿ ಆಯ್ಕೆಯಾದವರಿಗೆ ಫೀಸು ಮಾಫಿ, ಜೊತೆಗೆ ತಿಂಗಳಿಗೆ 1,400 ಯೂರೋ.

ಜರ್ಮನಿಯ ಸರಕಾರಿ ಯೂನಿವರ್ಸಿಟಿಗಳಲ್ಲಿ ಹೆಚ್ಚಿನ ಕಡೆ ಫೀಸೇ ಇಲ್ಲ. ಬಾಡನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಉಂಟು. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚು ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ, ಅಂದರೆ 10 ಲಕ್ಷ ರೂಪಾಯಿಗೂ ಮಿಕ್ಕಿ. ಅದು ನಮ್ಮದೇ ಹಣ, ತಿಂಗಳು ತಿಂಗಳು ವಾಪಸ್ ಸಿಗುತ್ತದೆ. ಇನ್ನೊಂದು, ಅಲ್ಲಿ ಸಮಾಜಶಾಸ್ತ್ರದ ಪಾಠ ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿ. ಇಂಗ್ಲಿಷಿನ ಕೋರ್ಸುಗಳು ಉಂಟು, ಆದರೆ ಹುಡುಕಬೇಕು.

ಅಮೆರಿಕದಲ್ಲಿ ಒಳ್ಳೆಯ ಯೂನಿವರ್ಸಿಟಿಗಳು ಪಿಎಚ್‌ಡಿಗೆ ಸೇರಿಸಿಕೊಂಡರೆ ಸಾಮಾನ್ಯವಾಗಿ ಫೀಸು ಬಿಟ್ಟು ತಿಂಗಳಿಗೆ ಹಣವನ್ನೂ ಕೊಡುತ್ತವೆ. ಬದಲಿಗೆ ಕೆಳಗಿನ ತರಗತಿಗಳಿಗೆ ಪಾಠದಲ್ಲಿ ಸಹಾಯ ಮಾಡಬೇಕು. ಐದಾರು ವರ್ಷದ ದಾರಿ ಅದು, ಇತ್ತೀಚೆಗೆ ಕೆಲವು ಕಡೆ ಸೀಟು ಕಡಿತ ಕೂಡ ಆಗಿದೆ. ಅರ್ಜಿಯ ಗಡುವು ಹೆಚ್ಚಾಗಿ ಡಿಸೆಂಬರ್ ಆಸುಪಾಸು.

ನಮ್ಮಲ್ಲಿ ಬಡ್ಡಿ ಸಾಲ ಬೇಡ ಅನ್ನುವ ಮನೆಗಳು ತುಂಬಾ ಉಂಟು. ಬೇಡ ಅನ್ನುವುದು ಸರಿ. ಆದರೆ ಸಾಲ ಇಲ್ಲದ ಬಾಗಿಲುಗಳು ಎಲ್ಲಿವೆ ಅಂತ ತೋರಿಸುವುದೂ ನಮ್ಮ ಜವಾಬ್ದಾರಿ. ಕೇಂದ್ರದ 'ಪಢೋ ಪರ್ದೇಶ್' ಯೋಜನೆ 2022-23ರಲ್ಲಿ ನಿಂತುಹೋಯಿತು. ರಾಜ್ಯದ ಅಲ್ಪಸಂಖ್ಯಾತರ ಇಲಾಖೆಯಿಂದ ವಿದೇಶದ ಓದಿಗೆ ಸಹಾಯ ಉಂಟು. ಯಾವ ಕೋರ್ಸಿಗೆ, ಆದಾಯ ಎಷ್ಟರೊಳಗೆ ಇರಬೇಕು ಅಂತ ಜಿಲ್ಲಾ ಕಚೇರಿಗೆ ಹೋಗಿ ಆ ವರ್ಷದ ನಿಯಮ ಕೇಳಿಯೇ ಮುಂದುವರಿಯಿರಿ. ಏಜೆಂಟರ ಬಗ್ಗೆ ಜಾಗ್ರತೆ. ಕಮಿಷನ್ ಸಿಗುವ ಕಾಲೇಜನ್ನೇ ಒಳ್ಳೆಯದು ಅನ್ನುವವರು ಅವರಲ್ಲಿ ಉಂಟು. ಹೆಸರಿಲ್ಲದ ಕಾಲೇಜಿಗೆ ಮನೆ ಅಡವಿಟ್ಟು ಹೋಗುವುದಕ್ಕಿಂತ ಕೊಣಾಜೆ ನೂರು ಪಾಲು ಮೇಲು.

ಎರಡನೆಯದು ಕೆಲಸ. ಎಂಬಿಬಿಎಸ್ ಮಾಡಿದವರಿಗೆ ಬೋರ್ಡ್ ಹಾಕಿ ಕೂರುವ ದಾರಿ ಇದ್ದ ಹಾಗೆ ಇಲ್ಲಿ ಇಲ್ಲ, ಸುಳ್ಳು ಹೇಳುವುದಿಲ್ಲ. ಕಾಲೇಜಿನಲ್ಲಿ ಪಾಠ, ಸಂಶೋಧನಾ ಸಂಸ್ಥೆಗಳು, ಆರೋಗ್ಯ ಮತ್ತು ನಗರ ಯೋಜನೆಯ ಸಮೀಕ್ಷೆಗಳು, ಪತ್ರಿಕೋದ್ಯಮ, ಇಂಥ ಕಡೆ ಅವಕಾಶ ಉಂಟು. ಐಎಎಸ್ ಪರೀಕ್ಷೆಯಲ್ಲಿ 500 ಅಂಕಗಳ ಐಚ್ಛಿಕ ವಿಷಯವಾಗಿ ಸಮಾಜಶಾಸ್ತ್ರ ತೆಗೆದುಕೊಳ್ಳುವವರು ಬಹಳ ಮಂದಿ. ಆದರೂ ದಾರಿ ಉದ್ದ, ತಾಳ್ಮೆ ಬೇಕು. ಅದು ಗೊತ್ತಿದ್ದೇ ಹೊರಡಬೇಕು.

ಮೂರನೆಯದನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ: ಹೆಣ್ಣುಮಗಳು, ಒಬ್ಬಳೇ, ಅಷ್ಟು ದೂರ. ನನಗೂ ಇಬ್ಬರು ಹೆಣ್ಣುಮಕ್ಕಳು, ಆ ಹೆದರಿಕೆ ಗೊತ್ತು. ಮದುವೆ ಮಾಡಿಸಿ ಗಂಡನ ಜೊತೆ ಕಳಿಸೋಣ ಅನ್ನುವವರು ಇದನ್ನು ತಿಳಿದಿರಲಿ: 2024ರ ಜನವರಿಯಿಂದ ಬ್ರಿಟನ್‌ನ ಸಾಮಾನ್ಯ ಮಾಸ್ಟರ್ಸ್ ಕೋರ್ಸಿಗೆ ಹೋಗುವವರು ಗಂಡ, ಮಕ್ಕಳನ್ನು ಅವಲಂಬಿತರ ವೀಸಾದಲ್ಲಿ ಕರೆದುಕೊಂಡು ಹೋಗುವ ಹಾಗಿಲ್ಲ. ಪಿಎಚ್‌ಡಿಗೆ ಆಗುತ್ತದೆ. ಎಲ್ಲಿ ಉಳಿಯುವುದು, ಯಾರ ಪರಿಚಯ ಉಂಟು ಅಂತ ಕೂತು ಮಾತಾಡಿ. ಮಾತಾಡಿ ಬೇಡ ಅನ್ನುವುದು ಬೇರೆ. ಕೇಳುವ ಮೊದಲೇ ನಕ್ಕು ಬಿಡುವುದು ಬೇರೆ. ನಾನು ಮಾಡಿದ್ದು ಎರಡನೆಯದು.

ಜಮಾಅತ್ ಕಮಿಟಿಯವರಲ್ಲೂ, ಗಲ್ಫ್‌ನಲ್ಲಿರುವ ನಮ್ಮ ಸಂಘಟನೆಗಳವರಲ್ಲೂ ಒಂದು ವಿನಂತಿ. ಪ್ರತಿ ವರ್ಷ ಸನ್ಮಾನದ ವೇದಿಕೆಯಲ್ಲಿ ನೀಟ್, ಸಿಇಟಿ ರ‍್ಯಾಂಕಿನವರನ್ನು ಕರೆಯುತ್ತೀರಿ, ಸಂತೋಷ. ಆರ್ಟ್ಸ್ ತೆಗೆದುಕೊಂಡು ಚೆನ್ನಾಗಿ ಓದಿದ ಮಗುವಿಗೂ ಅಲ್ಲಿ ಒಂದು ಕುರ್ಚಿ ಇಡಿ. ವಿದ್ಯಾಭ್ಯಾಸ ನಿಧಿಯ ಒಂದು ಪಾಲನ್ನು ಇಂಥ ಓದಿಗೆ ತೆಗೆದಿಡಿ. ಇಂಗ್ಲಿಷ್ ಪರೀಕ್ಷೆಯ ಫೀಸು, ಅರ್ಜಿಯ ಫೀಸು, ಪಾಸ್‌ಪೋರ್ಟ್, ಇಷ್ಟಕ್ಕೇ ಹಣ ಇಲ್ಲದೆ ನಿಂತುಬಿಡುವ ಮಕ್ಕಳಿದ್ದಾರೆ.

ಕಳೆದ ತಿಂಗಳು ನಾನೇ ಆ ಕಾಕನ ಮನೆಗೆ ಹೋದೆ. ಅಂದು ಆಡಿದ ಮಾತು ತಪ್ಪು ಅಂತ ಅವರ ಎದುರಿಗೂ ಮಗಳ ಎದುರಿಗೂ ಹೇಳಿದೆ. ಅವಳು ಒಳಗಿನಿಂದ ಆ ನೋಟ್ ಪುಸ್ತಕ ತಂದು ತೋರಿಸಿದಳು. ನೂರಕ್ಕೂ ಹೆಚ್ಚು ಮನೆಗಳು, ಒಂದೊಂದು ಮನೆಗೆ ಎರಡು ಪುಟ. ಹೆಸರು ಬರೆದಿಲ್ಲ, ನಂಬರ್ ಮಾತ್ರ ಹಾಕಿದ್ದಾಳೆ. "ಹೆಸರು ಬರೆದರೆ ಅವರ ಗುಟ್ಟು ಹೊರಗೆ ಹೋಗ್ತದೆ ಉಸ್ತಾದ್, ಅದು ಅಮಾನತ್ತು" ಅಂದಳು. ಆ ಪದ ನಾನೇ ಅವಳಿಗೆ ಮದ್ರಸದಲ್ಲಿ ಕಲಿಸಿದ್ದು. ಈ ಸಲ ಮೂರು ಕಡೆ ಅರ್ಜಿ ಹಾಕುತ್ತಾಳೆ. ಸಿಗುತ್ತದೋ ಇಲ್ಲವೋ ಅಲ್ಲಾಹನಿಗೆ ಗೊತ್ತು. ಎರಡು ವರ್ಷ ನನ್ನಿಂದ ಹೋಯಿತು, ಅದನ್ನು ನಾನು ತಿರುಗಿ ಕೊಡಲಾರೆ.

ನಿಮ್ಮ ಮಗನೋ ಮಗಳೋ ಇಂಥ ಓದಿನ ಮಾತೆತ್ತಿದರೆ ಅದನ್ನು ಮಸೀದಿಯ ಮೆಟ್ಟಿಲಲ್ಲಿ ಉಸ್ತಾದರ ಹತ್ತಿರ ಕೇಳಿ ಮುಗಿಸಬೇಡಿ. ಮೊದಲು ಆ ಮಗುವನ್ನೇ ಒಂದು ಗಂಟೆ ಪಕ್ಕದಲ್ಲಿ ಕೂರಿಸಿ, ಏನು ಓದಬೇಕು, ಯಾಕೆ ಓದಬೇಕು ಅಂತ ಕೇಳಿ. ಅರ್ಜಿಯ ಕೊನೆಯ ದಿನ ಯಾವಾಗ ಅನ್ನುವುದನ್ನು ಮರೆಯದೆ ಕೇಳಿ.