ನೋಡಿ ಓದುವವನೇ ಜಾಣ

ಪುಸ್ತಕ ನೋಡಿ ಹೇಳುವವನಿಗಿಂತ ನೋಡದೆ ಹೇಳುವವನೇ ಜಾಣನೆಂದು ನಂಬಿದ ಸಮಾಜ ನಮ್ಮದು. ಮಕ್ಕಳಿಗೆ ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಲೇ ಆಯುಷ್ಯ ಕಳೆದ ನಾನು ಆ ಪದ್ಧತಿಯನ್ನು ಹಳಿಯಲಾರೆ. ಆದರೆ ನೋಡಿ ಓದುವುದೇ ಜಾಣತನವೆನಿಸುವ ಒಂದು ಸ್ಥಳವಿದೆ. ಅದು ಸಣ್ಣ ವಿಮಾನದ ಚಾಲಕನ ಆಸನ.

ತರಬೇತಿಯಲ್ಲಿ ಬಹಳವಾಗಿ ಬಳಕೆಯಾಗುವ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳೋಣ. ಕಾರ್ಬ್ಯುರೇಟರ್ ಇರುವ ಅದರ ಹಳೆಯ ಮಾದರಿಗಳಲ್ಲಿ ಎಂಜಿನ್ ಚಾಲೂ ಮಾಡುವ ಕ್ರಮ ಸ್ಥೂಲವಾಗಿ ಹೀಗಿದೆ. ಇಂಧನ ಎರಡೂ ಟ್ಯಾಂಕುಗಳಿಂದ ಬರುವಂತಿರಬೇಕು; ರೇಡಿಯೊ ಆರಿರಬೇಕು; ಬ್ರೇಕ್ ಹಿಡಿದಿರಬೇಕು. ಮಿಶ್ರಣದ ಗುಂಡಿ ಪೂರ್ತಿ ಒಳಗೆ, ಥ್ರಾಟಲ್ ಅಂಗುಲದ ಎಂಟನೆಯ ಒಂದು ಪಾಲು ಮಾತ್ರ ತೆರೆದಿರಬೇಕು. ಎಂಜಿನ್ ತಣ್ಣಗಿದ್ದರೆ ಪ್ರೈಮರ್ ಒತ್ತಿ ಸ್ವಲ್ಪ ಪೆಟ್ರೋಲ್ ಕಳುಹಿಸಬೇಕು. ಪ್ರೊಪೆಲ್ಲರ್ ಬಳಿ ಯಾರೂ ಇಲ್ಲವೆಂದು ನೋಡಿ, 'ಕ್ಲಿಯರ್' ಎಂದು ಕೂಗಿ, ಆಮೇಲೆ ಕೀಲಿ ತಿರುಗಿಸಬೇಕು. ಸುಮಾರು 30 ಸೆಕೆಂಡಿನೊಳಗೆ ಎಣ್ಣೆಯ ಒತ್ತಡ ಏರದಿದ್ದರೆ ಎಂಜಿನ್ನನ್ನು ನಿಲ್ಲಿಸಿಬಿಡಬೇಕು.

ಇಲ್ಲಿ ಒಂದೊಂದು ಸಾಲಿಗೂ ಕಾರಣವುಂಟು. ಆ ಕೂಗನ್ನೇ ನೋಡಿ. ಈ ಎಂಜಿನ್ನಿಗೆ ಕಿಡಿ ಬರುವುದು ಬ್ಯಾಟರಿಯಿಂದಲ್ಲ. ತಿರುಗುವಾಗ ತಾನೇ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟೊಗಳಿಂದ. ಕೀಲಿಯನ್ನು ಆರಿಸಿದಾಗ ಒಂದು ತಂತಿ ಅವನ್ನು ಅರ್ಥ್ ಮಾಡಿ ಕಿಡಿಯನ್ನು ತಡೆಯುತ್ತದೆ, ಅಷ್ಟೆ. ಆ ತಂತಿ ತುಂಡಾಗಿದ್ದರೆ, ಕೀಲಿ ಜೇಬಿನಲ್ಲಿದ್ದರೂ, ಕೈಯಿಂದ ಅಲುಗಿಸಿದ ಪ್ರೊಪೆಲ್ಲರ್ ಎಂಜಿನ್ನನ್ನು ಎಬ್ಬಿಸಬಲ್ಲದು. ನಿಂತ ಪ್ರೊಪೆಲ್ಲರನ್ನೂ ತಿರುಗುತ್ತಿರುವುದೆಂದೇ ಭಾವಿಸಬೇಕೆಂಬ ಮಾತು ಹುಟ್ಟಿದ್ದು ಇದರಿಂದಲೇ.

'ಸಾವಿರ ಸಲ ಹಾರಿದವನಿಗೆ ಪಟ್ಟಿ ಏತಕ್ಕೆ?' ಎಂದು ಕೇಳಬಹುದು. 1935ರ ಅಕ್ಟೋಬರ್ 30ರಂದು ಅಮೆರಿಕದ ಡೇಟನ್‌ನಲ್ಲಿ ಬೋಯಿಂಗ್ ಮಾಡೆಲ್ 299 ವಿಮಾನ ಮೇಲೇರಿದ ಕೂಡಲೇ ಉರುಳಿಬಿದ್ದಿತು. ನಡೆಸುತ್ತಿದ್ದ ಮೇಜರ್ ಪ್ಲಾಯರ್ ಹಿಲ್ ನುರಿತ ಪರೀಕ್ಷಾ ಚಾಲಕರು; ಅವರು ಪ್ರಾಣ ಕಳೆದುಕೊಂಡರು. ನಿಂತ ವಿಮಾನದ ರೆಕ್ಕೆ-ಬಾಲಗಳ ಚಲಿಸುವ ಭಾಗಗಳು ಗಾಳಿಗೆ ಹೊಯ್ದಾಡದಂತೆ ಹಾಕಿದ್ದ ಬೀಗವನ್ನು ಯಾರೂ ತೆಗೆದಿರಲಿಲ್ಲ. ಚಾಲಕರು ಪಟ್ಟಿ ಹಿಡಿದು ಪರಿಶೀಲಿಸುವ ಪದ್ಧತಿ ಬೇರೂರಿದ್ದು ಆ ಬಳಿಕ. ಹೊಸಬನು ತಿಳಿಯದೆ ತಪ್ಪುತ್ತಾನೆ. ಹಳಬನು ಮಾಡಿದ್ದೇನೆಂಬ ಭ್ರಮೆಯಲ್ಲಿ ಬಿಟ್ಟುಬಿಡುತ್ತಾನೆ. ಪಟ್ಟಿ ಹೆಚ್ಚಾಗಿ ಬೇಕಾದದ್ದು ಎರಡನೆಯವನಿಗೆ.

ಹಾಗೆಂದು ಬಾಯಿಪಾಠ ನಿರುಪಯೋಗಿಯೇ? ಅಲ್ಲ. ಚಾಲೂ ಮಾಡುವಾಗ ಕಾರ್ಬ್ಯುರೇಟರಿನಲ್ಲಿ ಬೆಂಕಿ ಕಾಣಿಸಿಕೊಂಡರೆ ಸ್ಟಾರ್ಟರನ್ನು ಬಿಡದೆ ತಿರುಗಿಸುತ್ತಲೇ ಇರಬೇಕು. ಜ್ವಾಲೆ ಎಂಜಿನ್ನಿನೊಳಕ್ಕೆ ಸೆಳೆಯಲ್ಪಡುತ್ತದೆ. ಹೆದರಿದ ಕೈ ಮಾಡಬಯಸುವುದು ಇದರ ವಿರುದ್ಧವನ್ನು. ಆಗ ಪುಟ ತಿರುವಲು ವೇಳೆಯಿಲ್ಲ. ಪಾಠ ನಾಲಗೆಯ ಮೇಲಿರಬೇಕು.

ಬಿಡುವಿದ್ದಾಗ ಓದು, ಬಿಡುವಿಲ್ಲದಾಗ ನೆನಪು ಎಂಬ ಈ ವಿವೇಕವನ್ನು ನಾವು ಶಾಲೆಗಳಲ್ಲಿ ಕಲಿಸುವುದಿಲ್ಲ. ನೆನಪಿಗೆ ಮಾತ್ರ ಅಂಕ ಕೊಡುತ್ತೇವೆ. ಪ್ರಯೋಗಶಾಲೆಯಲ್ಲಾದರೂ ಹಾಳೆ ನೋಡಿ, ಗಟ್ಟಿಯಾಗಿ ಓದಿ, ಒಂದೊಂದೇ ಹೆಜ್ಜೆ ಇಡುವ ಹುಡುಗನನ್ನು ದಡ್ಡನೆನ್ನದೆ ಅವನಿಗೂ ಅಂಕ ಕೊಡುವುದು ಒಳಿತೆಂದು ನನ್ನ ಅಭಿಪ್ರಾಯ.